ಅಫಿಡವಿಟ್ಟಿಗೂ ಬೇಕು ಮರು ಅಳತೆ



ನಾನು ನಿವೃತ್ತ ಸರ್ಕಾರಿ ಎಂಜಿನಿಯರ್. ಗುತ್ತಿಗೆದಾರ ಬಿಲ್ಲು ಕೊಟ್ಟ ಮಾತ್ರಕ್ಕೆ ಹಣ ಕೊಡುವಂತಿಲ್ಲ. ಕಿರಿಯ ಎಂಜಿನಿಯರ್ ಅಳೆದು ಎಂ.ಬಿ. ಪುಸ್ತಕದಲ್ಲಿ ಬರೆಯಬೇಕು, ಮೇಲಿನವನು ಸ್ಥಳಕ್ಕೆ ಹೋಗಿ ಟೇಪು ಹಿಡಿದು ಮರು ಅಳತೆ ಮಾಡಬೇಕು. ಒಮ್ಮೆ ನಾನು ಹೋಗದೆಯೇ ಸಹಿ ಹಾಕಿದೆ. ಆ ಮೋರಿ ಮೊದಲ ಮಳೆಗೇ ಕೊಚ್ಚಿಹೋಯಿತು. ಆ ಸಹಿ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಚುನಾವಣೆ ಬಂದಾಗ ನಮ್ಮ ಬಹುಪಾಲು ಪತ್ರಿಕೆ, ಟಿ.ವಿ.ಗಳು ಮಾಡುವುದೂ ಇದನ್ನೇ. ಟೇಪು ಹಿಡಿಯದೆ ಸಹಿ!

ಅಭ್ಯರ್ಥಿಯ ಅಪರಾಧ ಹಿನ್ನೆಲೆ, ಆಸ್ತಿ, ಸಾಲ, ವಿದ್ಯಾಭ್ಯಾಸ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ನಮೂನೆ 26ರ ಅಫಿಡವಿಟ್ ಅದರ ಫಲ. ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳನ್ನು ಪ್ರಚಾರ ಮಾಡಿ ಜನರಿಗೆ ತಿಳಿಸಬೇಕೆಂದು 2018ರಲ್ಲಿ ಆದೇಶವಾಯಿತು. ಅಂಥವರನ್ನೇ ಆರಿಸಿದ್ದೇಕೆಂದು ಪಕ್ಷ ಕಾರಣ ಕೊಡಬೇಕು, ಗೆಲ್ಲುತ್ತಾರೆ ಎಂಬುದಷ್ಟೇ ಕಾರಣವಾಗದು ಎಂದು 2020ರಲ್ಲಿ ಕೋರ್ಟು ಮತ್ತೆ ಬಿಗಿ ಮಾಡಿತು.

ಆದರೆ ಒಂದು ಕೊರತೆ ಉಳಿದಿದೆ. ಅಫಿಡವಿಟ್ಟಿನ ಅಂಕಣ ಖಾಲಿ ಬಿಟ್ಟರೆ ಚುನಾವಣಾಧಿಕಾರಿ ನಾಮಪತ್ರ ತಿರಸ್ಕರಿಸಬಹುದು. ಬರೆದದ್ದು ನಿಜವೋ ಸುಳ್ಳೋ ಎಂದು ತನಿಖೆ ಮಾಡುವುದು ಅವರ ಕೆಲಸವಲ್ಲ. ಸುಳ್ಳಿಗೆ ಆರು ತಿಂಗಳವರೆಗೆ ಸಜೆ ಕಾನೂನಿನಲ್ಲಿದೆ. ಆದರೆ ತೀರ್ಪು ಬರುವ ಹೊತ್ತಿಗೆ ಮತ ಬಿದ್ದಾಗಿರುತ್ತದೆ. ಹಾಗಾದರೆ ಮತದಾನಕ್ಕೆ ಮುಂಚೆ ಮರು ಅಳತೆ ಮಾಡುವವರು ಯಾರು? ಅದು ಪತ್ರಕರ್ತರ ಕಾಯಕ.

ಅವರು ಕೊಡುವುದೇನು? ಯಾರಿಗೆ ಎಷ್ಟು ಕೋಟಿ ಎಂಬ ಪಟ್ಟಿ, ಯಾವ ಜಾತಿಯ ಮತ ಎಷ್ಟು ಎಂಬ ಲೆಕ್ಕ. ಕಾಸು ಪಡೆದು ಜಾಹೀರಾತನ್ನೇ ಸುದ್ದಿಯೆಂದು ಅಚ್ಚು ಹಾಕುವ ರೋಗವನ್ನು ಪ್ರೆಸ್ ಕೌನ್ಸಿಲ್ 2010ರಲ್ಲೇ ಗುರುತಿಸಿತ್ತು. ಇಲ್ಲಿ ಅಳೆಯಬೇಕಾದವನೇ ಗುತ್ತಿಗೆದಾರನ ಕೂಲಿಯಾದ.

ಸಮಯವಿಲ್ಲ ಎನ್ನುತ್ತಾರೆ. ನಾಮಪತ್ರ ವಾಪಸಾತಿಗೂ ಮತದಾನಕ್ಕೂ ನಡುವೆ ಎರಡು ವಾರ ಸಿಗುತ್ತದೆ. ಹಿಂದಿನ ಅಫಿಡವಿಟ್ ಪಕ್ಕ ಈಗಿನದನ್ನಿಟ್ಟು ನೋಡಲು ಒಂದು ಮಧ್ಯಾಹ್ನ ಸಾಕು. ಐದು ವರ್ಷದಲ್ಲಿ ಆಸ್ತಿ ಹೇಗೆ ಬೆಳೆಯಿತು? ಆಗ ಇದ್ದ ಪ್ರಕರಣ ಏನಾಯಿತು? ಸದನದಲ್ಲಿ ನಮ್ಮ ತಾಲ್ಲೂಕಿನ ಬಗ್ಗೆ ಏನು ಕೇಳಿದರು? ಇಷ್ಟು ಕೇಳಲು ದೊಡ್ಡ ಸ್ಟುಡಿಯೋ ಬೇಕಿಲ್ಲ, ಧೈರ್ಯ ಬೇಕು.

ತಪ್ಪು ಅವರದೊಂದೇ ಅಲ್ಲ. ಟಿ.ವಿ. 'ಲಿಂಗಾಯತ ಮತ ಎಷ್ಟು' ಎಂದು ಎಣಿಸುವಾಗ ನಾವೂ ಕಣ್ಣು ಅಗಲಿಸಿ ಕೂರುತ್ತೇವೆ. ಅಭ್ಯರ್ಥಿ ಮಠಕ್ಕೆ ಬಂದು ಪಾದಕ್ಕೆರಗಿದ ಫೋಟೊ ಮರುದಿನ ಪತ್ರಿಕೆಯಲ್ಲಿ ಬಂದರೆ 'ನಮ್ಮವರು' ಎಂದು ಹಿಗ್ಗುತ್ತೇವೆ. ಹುಟ್ಟು ನೋಡಬೇಡಿ, ನಡೆ ನೋಡಿ ಎಂದು ಜಗತ್ತಿಗೆ ಹೇಳಿದ ಶರಣರ ಮಕ್ಕಳು ಮತಗಟ್ಟೆಯಲ್ಲಿ ಹುಟ್ಟನ್ನೇ ನೋಡುವುದು ಯಾವ ನ್ಯಾಯ?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ಚುನಾವಣೆಯಲ್ಲಿ ನಮ್ಮ ಮಠಗಳ ವಾಚನಾಲಯದ ಗೋಡೆಗೆ ಕ್ಷೇತ್ರದ ಎಲ್ಲ ಅಭ್ಯರ್ಥಿಗಳ ಅಫಿಡವಿಟ್ ಅಂಟಿಸೋಣ, 'ನಮ್ಮವರ'ದ್ದನ್ನು ಮೊದಲು. ನೀವು ಓದುವ ಪತ್ರಿಕೆಯ ಸಂಪಾದಕರಿಗೆ ಒಂದು ಕಾರ್ಡು ಬರೆಯಿರಿ: ಅಳೆದಿರಾ, ಬರೀ ಸಹಿ ಹಾಕಿದಿರಾ?

ನನ್ನ ಮೋರಿ ಕೊಚ್ಚಿಹೋದಾಗ ದಾಟಲಾಗದೆ ನಿಂತವರು ಊರಿನ ಜನ, ನಾನಲ್ಲ.