ಸ್ಟಿಯರಿಂಗ್ ಹಿಡಿದವರ ದೂರು ಯಾರ ಮೇಜಿಗೆ?

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ವಿದ್ಯುತ್ ಬಸ್‌ಗಳು ಹಂಚಿಕೆಯಾಗಿವೆ. ದೆಹಲಿಗೆ ಸಿಕ್ಕಿದ್ದು 2,800, ಹೈದರಾಬಾದಿಗೆ 2,000. ಹೊಗೆಯುಗುಳದ ಬಸ್‌ಗಳು ಬರುವುದನ್ನು ಈ ಊರಿನಲ್ಲಿ ಯಾರೂ ಬೇಡ ಎನ್ನಲಾರರು. ಆದರೆ ಸುಮಾರು ಏಳು ಸಾವಿರ ಬಸ್‌ಗಳ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಗೆ ಇಷ್ಟು ದೊಡ್ಡ ಪಡೆ ಬಂದು ಸೇರುವ ಮೊದಲೇ ಇತ್ಯರ್ಥವಾಗಬೇಕಾದ ಒಂದು ಪ್ರಶ್ನೆಯಿದೆ. ಗುತ್ತಿಗೆಯ ವಿದ್ಯುತ್ ಬಸ್ ವ್ಯವಸ್ಥೆಯಲ್ಲಿ ಬಸ್ಸು ಖಾಸಗಿ ಕಂಪನಿಯದು, ಚಾಲಕರೂ ಕಂಪನಿಯವರು. ನಿರ್ವಾಹಕರು ಮಾತ್ರ ಸಂಸ್ಥೆಯವರು. ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಸಂಸ್ಥೆ ಕಂಪನಿಗೆ ಹಣ ಕೊಡುತ್ತದೆ. ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಚಾಲಕರಿಗೆ ಅನ್ನಿಸಿದರೆ ಅವರು ಹೇಳಿಕೊಳ್ಳಬೇಕಾದದ್ದು, ಬಸ್ಸು ನಿಂತಷ್ಟೂ ಆದಾಯ ಕಳೆದುಕೊಳ್ಳುವ ಅದೇ ಕಂಪನಿಗೆ.

ಇದು ಊಹೆಯ ಭಯವಲ್ಲ. 2024ರ ಡಿಸೆಂಬರ್ 9ರ ರಾತ್ರಿ ಮುಂಬೈನ ಕುರ್ಲಾದಲ್ಲಿ 12 ಮೀಟರ್ ಉದ್ದದ ವಿದ್ಯುತ್ ಬಸ್ಸೊಂದು ಜನರ ಮೇಲೂ ವಾಹನಗಳ ಮೇಲೂ ನುಗ್ಗಿತು. ಕನಿಷ್ಠ ಏಳು ಮಂದಿ ಸತ್ತರು, ಸುಮಾರು 40 ಮಂದಿ ಗಾಯಗೊಂಡರು. ಬಸ್ಸು ಅಲ್ಲಿನ ಬೆಸ್ಟ್ ಸಂಸ್ಥೆ ಗುತ್ತಿಗೆಗೆ ಪಡೆದದ್ದು. ಸಣ್ಣ ಬಸ್ ಓಡಿಸಿ ರೂಢಿಯಿದ್ದ ಚಾಲಕರನ್ನು ಕೆಲವೇ ದಿನಗಳ ತರಬೇತಿಯ ನಂತರ ಅದರಲ್ಲಿ ಕೂರಿಸಲಾಗಿತ್ತು. ವಿದ್ಯುತ್ ಬಸ್ಸಿಗೆ ಕ್ಲಚ್ಚಿಲ್ಲ, ಗೇರಿಲ್ಲ; ಪೆಡಲ್ ಒತ್ತಿದ ಕ್ಷಣವೇ ಪೂರ್ತಿ ಎಳೆತ. ಸದ್ದಿಲ್ಲದ ಕಾರಣ ರಸ್ತೆ ದಾಟುವವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಡೀಸೆಲ್ ಗಾಡಿಯಲ್ಲಿ ಪಳಗಿದ ಕಾಲು ಇದಕ್ಕೆ ಹೊಂದಿಕೊಳ್ಳಲು ಸಮಯ ಬೇಕು. ‘ನನಗಿನ್ನೂ ಕೈ ಕೂತಿಲ್ಲ, ನಾಲ್ಕು ದಿನ ಕೊಡಿ’ ಎಂದು ಗುತ್ತಿಗೆಯ ಚಾಲಕರೊಬ್ಬರು ನಾಳೆಯ ಕೆಲಸದ ಚಿಂತೆಯಿಲ್ಲದೆ ಹೇಳಬಲ್ಲರೇ?

ಬಿಎಂಟಿಸಿಯ ಸ್ವಂತ ಸಿಬ್ಬಂದಿಯ ಪಾಡೂ ಹೇಳಿಕೊಳ್ಳುವಂತಿಲ್ಲ. 2022ರ ಆರಂಭದಲ್ಲಿ ಚಾಮರಾಜಪೇಟೆ ಮತ್ತು ಜಯನಗರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಮಿಡಿ ಬಸ್‌ಗಳು ರಸ್ತೆಯಲ್ಲೇ ಹೊತ್ತಿಕೊಂಡವು. ಚಾಲಕರು ಕೂಡಲೇ ನಿಲ್ಲಿಸಿ ಎಲ್ಲರನ್ನೂ ಇಳಿಸಿದ್ದರಿಂದ ಜೀವ ಉಳಿದವು. ಬೆಂಕಿ ಮರುಕಳಿಸಿದ ಮೇಲೆ ಆ ಮಾದರಿಯ ಬಸ್‌ಗಳನ್ನು ಹಿಂದಕ್ಕೆ ಕರೆಸಿ ತಪಾಸಣೆ ಮಾಡಲಾಯಿತು. 2023ರ ಮಾರ್ಚ್ 10ರ ನಸುಕಿನಲ್ಲಿ ಲಿಂಗಧೀರನಹಳ್ಳಿಯ ನಿಲ್ದಾಣದಲ್ಲಿ ನಿಂತಿದ್ದ ಬಸ್ಸಿನೊಳಗೆ ಮಲಗಿದ್ದ ನಿರ್ವಾಹಕರು ಸುಟ್ಟು ಸತ್ತರು. ಹಗಲಿಡೀ ದುಡಿದವರು ಬಸ್ಸಿನ ಸೀಟಿನ ಮೇಲೆ ರಾತ್ರಿ ಕಳೆಯುವುದು ಡಿಪೋಗಳಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. 2024ರ ಅಕ್ಟೋಬರ್ 1ರಂದು ವೈಟ್‌ಫೀಲ್ಡ್ ಬಳಿ, ಫುಟ್‌ಬೋರ್ಡ್ ಬಿಟ್ಟು ಒಳಗೆ ಬನ್ನಿ ಎಂದ ನಿರ್ವಾಹಕರಿಗೆ ಪ್ರಯಾಣಿಕನೊಬ್ಬ ಚಾಕು ಹಾಕಿದ. ಫುಟ್‌ಬೋರ್ಡಿನಿಂದ ಯಾರಾದರೂ ಬಿದ್ದರೆ ತಪ್ಪು ಸಿಬ್ಬಂದಿಯದು. ಒಳಗೆ ಕರೆಯಲು ಹೋದರೆ ಗತಿ ಇದು.

ಮರು ತಿಂಗಳೇ, ನವೆಂಬರ್ 6ರಂದು, ನೆಲಮಂಗಲದ ಕಡೆಯಿಂದ ಬರುತ್ತಿದ್ದ ಬಸ್ಸಿನ ಚಾಲಕರು ಹೃದಯಾಘಾತವಾಗಿ ಸ್ಟಿಯರಿಂಗ್ ಪಕ್ಕಕ್ಕೆ ಕುಸಿದರು; ಜೀವ ಉಳಿಯಲಿಲ್ಲ. ನಿರ್ವಾಹಕರು ಹಾರಿ ಬಂದು ಬಸ್ಸು ನಿಲ್ಲಿಸದಿದ್ದರೆ ಏನಾಗುತ್ತಿತ್ತೋ. ಆ ವಿಡಿಯೊವನ್ನು ನಾಡೇ ನೋಡಿತು, ನಿರ್ವಾಹಕರನ್ನು ಕೊಂಡಾಡಿತು. ಜಯದೇವ ಹೃದ್ರೋಗ ಸಂಸ್ಥೆಯ ಜತೆ ಸೇರಿ ಬಿಎಂಟಿಸಿ ಮಾಡಿರುವ ಹೃದಯ ತಪಾಸಣೆಯ ಏರ್ಪಾಡು ಒಳ್ಳೆಯ ಕೆಲಸವೇ. ಆದರೆ ಅದು 45 ದಾಟಿದವರಿಗೆ. ಸತ್ತ ಚಾಲಕರಿಗೆ ಅಷ್ಟು ವಯಸ್ಸೂ ಆಗಿರಲಿಲ್ಲ.

ಪ್ರತಿ ಸಲವೂ ಕ್ರಮ ನಡೆದಿದೆ, ಘಟನೆಯ ನಂತರ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ವಾಹನದ ದೋಷವನ್ನು ಚಾಲಕರು ಡಿಪೋದಲ್ಲಿ ಬರೆದು ತಿಳಿಸುವ ಪದ್ಧತಿ ಇದೆ ನಿಜ. ಬರೆದದ್ದು ಏನಾಯಿತು ಎಂಬ ಉತ್ತರ ಅವರಿಗೆ ಮರಳಿ ಸಿಗುವ ಖಾತರಿ ಇಲ್ಲ. ಅದೇ ಟ್ರಿಪ್ ತಪ್ಪಿದರೆ ಮೆಮೊ ಮಾತ್ರ ತಪ್ಪದೆ ಕೈಸೇರುತ್ತದೆ. ದಿನಕ್ಕೆ 8 ಗಂಟೆ ಕೆಲಸ, ಸತತ 5 ಗಂಟೆ ದುಡಿದರೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಸಿಲ್ಕ್ ಬೋರ್ಡಿನ ದಟ್ಟಣೆಗೆ ಆ ಕಾಯ್ದೆ ಗೊತ್ತಿಲ್ಲ. ಟ್ರಿಪ್ ತಡವಾದಾಗ ಮೊದಲು ಹೋಗುವುದು ಚಾಲಕರ ಊಟದ ಹೊತ್ತು.

ದೂರು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಪಾಠ ಹಳೆಯದು. 1999ರ ಅಕ್ಟೋಬರ್ 5ರಂದು ಲ್ಯಾಡ್‌ಬ್ರೋಕ್ ಗ್ರೋವ್‌ನಲ್ಲಿ ರೈಲುಗಳು ಡಿಕ್ಕಿಯಾಗಿ 31 ಮಂದಿ ಸತ್ತರು. ಕೆಂಪು ದೀಪವಿದ್ದಾಗ ಒಂದು ರೈಲು ದಾಟಿಹೋದ ಸಿಗ್ನಲ್ಲನ್ನು ಹಿಂದಿನ ಆರು ವರ್ಷಗಳಲ್ಲಿ ಬೇರೆ ಚಾಲಕರೂ ಎಂಟು ಬಾರಿ ಹಾಗೆಯೇ ದಾಟಿದ್ದರು. ಸಿಗ್ನಲ್ ಸರಿಯಾಗಿ ಕಾಣುವುದಿಲ್ಲ ಎಂಬುದು ಕಡತದಲ್ಲಿತ್ತು, ಸ್ಥಳದಲ್ಲಿ ಮಾತ್ರ ಬದಲಾವಣೆ ಆಗಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ 1996ರಲ್ಲಿ ಶುರುವಾಗಿದ್ದ ‘ಸೈರಾಸ್’ ಎಂಬ ಗೋಪ್ಯ ದೂರು ವ್ಯವಸ್ಥೆಯನ್ನು ಈ ದುರಂತದ ಬಳಿಕ ಬ್ರಿಟನ್ನಿನ ರೈಲ್ವೆಗೆಲ್ಲ ವಿಸ್ತರಿಸಲಾಯಿತು. 2016ರಲ್ಲಿ ಲಂಡನ್ ಬಸ್‌ಗಳಿಗೂ ಅದು ಬಂತು. ಅಲ್ಲಿಯೂ ಬಸ್ ಓಡಿಸುವವು ಗುತ್ತಿಗೆಯ ಖಾಸಗಿ ಕಂಪನಿಗಳೇ. ದೂರು ಹೋಗುವುದು ಹೊರಗಿನ ಸ್ವತಂತ್ರ ತಂಡಕ್ಕೆ. ಹೆಸರು ಕಂಪನಿಗೆ ತಿಳಿಯುವುದಿಲ್ಲ, ಉತ್ತರ ಮಾತ್ರ ಕಂಪನಿ ಕೊಡಬೇಕು.

ನಮ್ಮ ಕಾನೂನೂ ಈಗ ಅದೇ ದಿಕ್ಕಿನಲ್ಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ, ಸಾವು ಅಥವಾ ಗಂಭೀರ ಗಾಯದ ಅಪಾಯ ಸನ್ನಿಹಿತವಾಗಿದೆ ಎಂದು ಸಕಾರಣವಾಗಿ ಅನ್ನಿಸಿದರೆ ನೌಕರರು ಅದನ್ನು ಮಾಲೀಕರ ಜತೆಗೇ ಇನ್‌ಸ್ಪೆಕ್ಟರರಿಗೂ ತಿಳಿಸಬಹುದು. ಆದರೆ ಡಿಪೋ ಗೇಟಿನಲ್ಲಿ ಬೆಳಗಿನ ಜಾವ ಬಸ್ಸು ಹೊರಡಿಸುವ ಚಾಲಕರಿಗೆ ಈ ಕಲಮು ತಲುಪಿಸುವವರು ಯಾರು?

ಬಿಎಂಟಿಸಿ ಮಾಡಬೇಕಾದ ಕೆಲಸ ಬೆಟ್ಟದಷ್ಟಿಲ್ಲ. ಹೊಸ ಒಪ್ಪಂದಗಳಲ್ಲಿ ಕೆಲವು ಸಾಲು ಸೇರಿಸಿದರೆ ಸಾಕು. ಗುತ್ತಿಗೆಯ ಚಾಲಕರ ಸುರಕ್ಷತಾ ದೂರು ಕಂಪನಿಯನ್ನು ದಾಟಿ ನೇರವಾಗಿ ಸಂಸ್ಥೆಗೆ ಬರಬೇಕು. ಬ್ರೇಕ್, ಸ್ಟಿಯರಿಂಗ್, ಬಾಗಿಲಿನ ದೋಷಕ್ಕಾಗಿ ಬಸ್ಸು ನಿಲ್ಲಿಸಿದ ಚಾಲಕರ ಸಂಬಳಕ್ಕೂ ಕೆಲಸಕ್ಕೂ ಕುತ್ತು ಬರಬಾರದು. ಎಷ್ಟು ದೂರು ಬಂದವು, ಎಷ್ಟು ಬಗೆಹರಿದವು ಎಂಬುದು ತಿಂಗಳಿಗೊಮ್ಮೆ ಪ್ರಕಟವಾಗಬೇಕು, ಸ್ವಂತ ಸಿಬ್ಬಂದಿಯ ದೂರುಗಳ ಸಮೇತ. ವಿದ್ಯುತ್ ಬಸ್ ಗುತ್ತಿಗೆಗಳು ಹತ್ತು-ಹನ್ನೆರಡು ವರ್ಷಗಳ ಅವಧಿಯವು. ಸಹಿ ಬಿದ್ದ ಮೇಲೆ ಷರತ್ತು ಬದಲಿಸುವುದು ಕಷ್ಟ. ಸಾರಿಗೆ ಸಚಿವರೂ ಬಿಎಂಟಿಸಿ ಆಡಳಿತ ಮಂಡಳಿಯೂ ಈ ಸಾಲುಗಳನ್ನು ಸಹಿಗೆ ಮೊದಲೇ ಬರೆಸಬೇಕು.