ಯಾರ ಜೇಬು ನೋಡಿ ಫೀಸು?

ಮೆಟ್ರೊದಲ್ಲಿ ಪಕ್ಕದಲ್ಲಿ ನಿಂತಿದ್ದ ಇಬ್ಬರ ಮಾತು ಕಿವಿಗೆ ಬಿತ್ತು. ಇಬ್ಬರಿಗೂ ನಲವತ್ತರ ಆಸುಪಾಸು. ಒಬ್ಬ ವಾರಾಂತ್ಯದ ಮ್ಯಾನೇಜ್‌ಮೆಂಟ್ ಕೋರ್ಸು ಸೇರಿದ್ದ. "ಅಷ್ಟೊಂದು ಫೀಸೇನೋ!" ಎಂದ ಗೆಳೆಯ. "ನಂಗೇನು, ಕಂಪನಿ ಕಟ್ಟುತ್ತೆ." "ಕಂಪನಿ ಕಟ್ಟದೇ ಇರೋರಿಗೆ?" "ಅವ್ರಿಗೂ ಅಷ್ಟೇ ಕಣೋ. ಎಲ್ರಿಗೂ ಒಂದೇ ರೇಟು." ಈ ಕೊನೆಯ ಮಾತನ್ನು ಅವನು ದೊಡ್ಡ ನ್ಯಾಯದ ತೀರ್ಪಿನ ಹಾಗೆ ಹೇಳಿದ.

ಒಂದೇ ಪಾಠಕ್ಕೆ ಬೇರೆ ಬೇರೆ ರೇಟು ಹಾಕಿ ನಾವು ಕೈ ಸುಟ್ಟುಕೊಂಡಿರುವುದು ನಿಜ. 1989ರ ಜೂನ್‌ನಲ್ಲಿ ನಮ್ಮ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಹೊರಡಿಸಿದ ಅಧಿಸೂಚನೆಯಲ್ಲಿ ವರ್ಷಕ್ಕೆ ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರರಿಗೆ ಹೆಚ್ಚೆಂದರೆ 25,000, ಹೊರರಾಜ್ಯದವರಿಗೆ 60,000. ತುಮಕೂರಿನ ಸೀಟಿಗೆ ಅರ್ಜಿ ಹಾಕಿದ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಆ ಹೆಚ್ಚುವರಿ ಹಣಕ್ಕೆ ಕೋರ್ಟು ಕ್ಯಾಪಿಟೇಶನ್ ಎಂದೇ ಹೆಸರಿಟ್ಟಿತು.  ಆದರೆ ಅದೆಲ್ಲ ಹದಿನೆಂಟರ ಹುಡುಗ ಹುಡುಗಿಯರ ಕಥೆ. ಸಂಬಳ, ಸಂಸಾರ, ಗೃಹಸಾಲ ಎಲ್ಲ ಇರುವವರು ಮತ್ತೆ ಬೆಂಚಿನ ಮೇಲೆ ಕೂತರೆ ಫೀಸು ನಿಗದಿ ಮಾಡುವುದು ಹೇಗೆ?

ಕುತೂಹಲಕ್ಕೆ ಅಂಥ ಕೋರ್ಸುಗಳ ಜಾಹೀರಾತು ತಿರುವಿಹಾಕಿದೆ. ಪ್ರಾಧ್ಯಾಪಕರ ಫೋಟೊ, ಓದಿ ಹೋದವರ ಸಂಬಳ, ಕ್ಯಾಂಪಸ್ಸಿನ ಹುಲ್ಲುಹಾಸು ಎಲ್ಲ ಇದೆ, ಫೀಸೊಂದು ಬಿಟ್ಟು. ಅದು ಬೇಕಾದರೆ ಫೋನ್ ನಂಬರು ಕೊಡಬೇಕು. ಕೊಟ್ಟಿರೋ, ಮುಗಿಯಿತು, ಊಟದ ಹೊತ್ತಿಗೆ ಸರಿಯಾಗಿ ಒಬ್ಬ ಕೌನ್ಸೆಲರ್ ಕರೆ ಮಾಡುತ್ತಾನೆ, ಮರುದಿನ ಇನ್ನೊಬ್ಬಳು. ತರಕಾರಿ ಗಾಡಿಯವನು ಕೂಡ ಟೊಮೇಟೊ ಬೆಲೆ ಹೇಳುವ ಮುಂಚೆ ನನ್ನ ಉದ್ಯೋಗ ವಿಚಾರಿಸುವುದಿಲ್ಲ. ಇವರ ಮೊದಲ ಪ್ರಶ್ನೆಯೇ: "ಸರ್, ಸೆಲ್ಫಾ, ಕಂಪನಿಯಾ?"

ಫೀಸಿನ ಮಾತು ಬಂದರೆ ನನಗೆ ನೆನಪಾಗುವುದು ಪ್ರಾಚೀನ ತಕ್ಷಶಿಲೆ. ಬೌದ್ಧರ ಜಾತಕ ಕಥೆಗಳಲ್ಲಿ ಒಂದು ತಿಲಮುಟ್ಠಿ ಜಾತಕ. ವಾರಾಣಸಿಯ ಅರಸು ಹದಿನಾರರ ಮಗನ ಕೈಗೆ ಎಲೆಯ ಕೊಡೆ, ಒಂಟಿ ಅಟ್ಟೆಯ ಚಪ್ಪಲಿ, ಸಾವಿರ ಕಹಾಪಣ ಕೊಟ್ಟು ಕಳಿಸುತ್ತಾನೆ. ಆಚಾರ್ಯ ಕೇಳುವುದು ಇಷ್ಟೇ: ಆಚಾರ್ಯಭಾಗ ತಂದಿದ್ದೀಯೋ, ಸೇವೆ ಮಾಡಿ ಕಲಿಯುತ್ತೀಯೋ? ಹಣ ತಂದವನು ಮನೆಯ ಹಿರಿಯ ಮಗನ ಹಾಗೆ ಇದ್ದು ಕಲಿಯುತ್ತಾನೆ. ಸೇವೆ ಮಾಡಿ ಕಲಿಯುವ ಧಮ್ಮಂತೇವಾಸಿಕನು ಹಗಲು ಗುರುವಿನ ಕೆಲಸ ಮಾಡಿ ರಾತ್ರಿ ಪಾಠ ಹೇಳಿಸಿಕೊಳ್ಳುತ್ತಾನೆ. ನಮ್ಮ ಸಂಜೆ ಕಾಲೇಜುಗಳ ವಂಶಾವಳಿ ಬರೆಯುವವರು ಯಾಕೆ ಇಲ್ಲಿಂದ ಶುರು ಮಾಡುವುದಿಲ್ಲವೋ ತಿಳಿಯದು. (ಸಾವಿರ ಎಣಿಸಿ ಕೊಟ್ಟ ರಾಜಕುಮಾರನೇ ಎಳ್ಳು ಕದ್ದು ಬೆನ್ನಿಗೆ ಬಿದಿರಿನ ಏಟು ತಿಂದ. ಪೂರ್ತಿ ಫೀಸು ಕಟ್ಟಿದವರಿಗೆ ಶಿಸ್ತಿನಲ್ಲಿ ರಿಯಾಯಿತಿ ಇರಲಿಲ್ಲ.) ಮೂರನೆಯ ಬಗೆ ದೂತ ಜಾತಕದಲ್ಲಿದೆ: ಓದು ಮುಗಿಸಿದ ಮೇಲೆ ಊರೂರು ತಿರುಗಿ ಗುರುದಕ್ಷಿಣೆಗೆಂದು ಚಿನ್ನ ಕೂಡಿಸುವುದು. ಪಾಪ, ಆ ಹುಡುಗನ ಚಿನ್ನ ದೋಣಿ ಅಲುಗಿ ಗಂಗೆಗೆ ಬಿತ್ತು. ರಘುವಂಶ ಕಾವ್ಯದ ಶಿಷ್ಯ ಕೌತ್ಸನದೂ ಇದೇ ವರ್ಗ. ಬೇಡವೆಂದ ಗುರುವನ್ನು ಪೀಡಿಸಿ ಹದಿನಾಲ್ಕು ವಿದ್ಯೆಗೆ ಹದಿನಾಲ್ಕು ಕೋಟಿ ಬಿಲ್ಲು ತರಿಸಿಕೊಂಡ. ಕ್ರೆಡಿಟ್ಟಿಗೆ ಇಷ್ಟು ಎಂಬ ಲೆಕ್ಕ ಹೊಸದೇನಲ್ಲ.

ಗ್ರೀಸಿನ ಪ್ರೊಟಾಗೊರಸನದು ಇನ್ನೂ ಸ್ವಾರಸ್ಯದ ಪದ್ಧತಿ. ಪ್ಲೇಟೋ ಬರೆದ ಸಂವಾದದಲ್ಲಿ ಅವನೇ ಹೇಳಿಕೊಳ್ಳುತ್ತಾನೆ: ಕೇಳಿದಷ್ಟು ಕೊಡಲು ಶಿಷ್ಯನಿಗೆ ಮನಸ್ಸಿಲ್ಲದಿದ್ದರೆ ಅವನು ದೇವಸ್ಥಾನಕ್ಕೆ ಹೋಗಿ, ಕಲಿತದ್ದು ಎಷ್ಟು ಬಾಳುತ್ತದೆಂದು ಆಣೆ ಮಾಡಿ, ಅಷ್ಟು ಕಟ್ಟಿದರೆ ಸಾಕು. ನಮ್ಮ ಎಕ್ಸಿಕ್ಯುಟಿವ್ ಕೋರ್ಸುಗಳ ಕೊನೆಯ ದಿನ ಧರ್ಮಸ್ಥಳಕ್ಕೊಂದು ಬಸ್ಸು ಮಾಡಿದರೆ ಹೇಗಿದ್ದೀತು ಎಂದು ಯೋಚಿಸಿ ನಕ್ಕೆ.

ಇಷ್ಟು ಬರೆದ ಮೇಲೆ ಜಾತಕವನ್ನು ಮತ್ತೆ ತೆರೆದೆ. ಆಚಾರ್ಯ ಎಷ್ಟು ಕೊಡುತ್ತೀಯೆಂದು ಕೇಳಲೇ ಇಲ್ಲ. ಹಣವೋ ದುಡಿಮೆಯೋ, ಅಂದರೆ ನಿನ್ನ ಹಿಂದೆ ಯಾರಾದರೂ ಇದ್ದಾರೋ ಇಲ್ಲವೋ ಎಂಬುದು ಅವನ ಪ್ರಶ್ನೆ. ಕೌನ್ಸೆಲರ್ ಕೇಳಿದ್ದೂ ಅದನ್ನೇ. ನಾನು ಸುಮ್ಮನೆ ಬೆಲೆಯ ಬೆನ್ನು ಹತ್ತಿದ್ದೆ. ವ್ಯತ್ಯಾಸವೆಂದರೆ ಆಚಾರ್ಯ ಉತ್ತರ ಕೇಳಿ ಇನ್ನೊಂದು ಬಾಗಿಲು ತೆರೆದಿಟ್ಟಿದ್ದ. ಇಲ್ಲಿ ಒಂದೇ ಕಂಪನಿಯಿಂದ ನಾಲ್ಕೈದು ಜನ ಬಂದರೆ ಗುಂಪು ರಿಯಾಯಿತಿ. ಉಳಿತಾಯ ಖಾತೆ ಬರಿದು ಮಾಡಿ ಒಬ್ಬಳೇ ಬಂದವಳಿಗೆ ಪೂರ್ತಿ ರೇಟು.

ಲೆಕ್ಕ ಹಾಕಿ ನೋಡೋಣ. ಮಾನ್ಯತೆ ಪಡೆದ ಪದವಿಯ ಫೀಸಿಗೆ ಜಿಎಸ್‌ಟಿ ಇಲ್ಲ. ಐಐಎಂಗಳ ಪದವಿ ಕೋರ್ಸಿಗೂ ಇಲ್ಲ, ಆದರೆ ಅವೇ ನಡೆಸುವ ಅಲ್ಪಾವಧಿಯ ಎಕ್ಸಿಕ್ಯುಟಿವ್ ಕೋರ್ಸಿಗೆ 18 ಪ್ರತಿಶತ ಇದೆ. ದುಡಿಯುವವರಿಗೆ ಬಿಡುವಾಗುವುದು ಈ ಸಣ್ಣ ಕೋರ್ಸುಗಳಿಗೇ. ಫೀಸು ಒಂದು ಲಕ್ಷ ಎನ್ನಿ. ಕೈಯಿಂದ ಕಟ್ಟುವವಳಿಗೆ 1,18,000, ಅದೂ ತೆರಿಗೆ ಕಳೆದು ಬಂದ ಸಂಬಳದಿಂದ. ಕಂಪನಿಯೋ ಆ 18,000ವನ್ನು ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯುತ್ತದೆ. ಉಳಿದ ಲಕ್ಷವನ್ನು ವ್ಯವಹಾರದ ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಸುಮಾರು ಕಾಲುಭಾಗ ಉಳಿಸುತ್ತದೆ. ಅದಕ್ಕೆ ಬಿದ್ದದ್ದು ಎಪ್ಪತ್ತೈದು ಸಾವಿರದ ಹತ್ತಿರ. ಎಲ್ರಿಗೂ ಒಂದೇ ರೇಟು!

ಆದಾಯ ತೆರಿಗೆ ಕಾನೂನಿಗೂ ವಿದ್ಯಾರ್ಥಿ ಎಂದರೆ ಯಾರದೋ ಮಗುವೇ. 1961ರ ಕಾಯ್ದೆಯ 80ಸಿ ಅಡಿಯಲ್ಲಿ ಇಬ್ಬರು ಮಕ್ಕಳ ಪೂರ್ಣಾವಧಿ ಓದಿನ ಫೀಸಿಗೆ ವಿನಾಯಿತಿ ಕೊಟ್ಟರು. ಅಪ್ಪನೋ ಅಮ್ಮನೋ ತಾವೇ ಓದಲು ಹೊರಟರೆ ಅದು ಸಿಗದು. ಸಾಲ ಮಾಡಿ ಓದಿದರೆ 80ಇ ಪ್ರಕಾರ ಬಡ್ಡಿಗೆ ವಿನಾಯಿತಿ ಇತ್ತು. ಕೂಡಿಟ್ಟ ಹಣದಿಂದ ಓದಿದವರಿಗೆ ಏನೂ ಇಲ್ಲ. ಹತ್ತು ವರ್ಷ ಮನೆ ನೋಡಿಕೊಂಡು ಮತ್ತೆ ಕೆಲಸಕ್ಕೆ ಹೊರಟ ಹೆಣ್ಣುಮಗಳನ್ನು ಯಾವ ಕಲಮಿನಲ್ಲಿ ಹುಡುಕಬೇಕು?

ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ರಸೀದಿ ಯಾರ ಹೆಸರಿಗೆ, ಅದರ ಮೇಲೆ ಕಂಪನಿಯ ಜಿಎಸ್‌ಟಿ ಸಂಖ್ಯೆ ಇದೆಯೋ ಇಲ್ಲವೋ ಎಂಬುದು ಸಂಸ್ಥೆಗೆ ಈಗಲೇ ಗೊತ್ತು. ಸಂಖ್ಯೆ ಇದ್ದರೆ ಲಕ್ಷದ ಮೇಲೆ ತೆರಿಗೆ ಹಾಕಲಿ. ಇಲ್ಲದಿದ್ದರೆ ತೆರಿಗೆ ಸೇರಿಯೇ ಒಂದು ಲಕ್ಷ. ಎರಡನೆಯದರಲ್ಲಿ ಸಂಸ್ಥೆಗೆ ಉಳಿಯುವುದು 84,746 ರೂಪಾಯಿ, ಅಂದರೆ ತಲೆಗೆ ಹದಿನೈದು ಸಾವಿರ ಖೋತಾ. ಗುಂಪು ರಿಯಾಯಿತಿ ನಿಲ್ಲಿಸಿ ಅದರಲ್ಲಿ ಒಂದಷ್ಟನ್ನು ತುಂಬಿಕೊಳ್ಳಲಿ. ಕಂಪನಿಗಳು ನೌಕರನ ಹೆಸರಿನಲ್ಲೇ ಕಟ್ಟಿಸಿ ಆಮೇಲೆ ಅವನಿಗೆ ಹಣ ವಾಪಸು ಕೊಟ್ಟರೆ? ಕೊಡಲಿ. ಹಾಗೆ ಮಾಡಿದರೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಕೊಡಬೇಕಾದದ್ದು ಆಗಲೂ ಒಂದು ಲಕ್ಷವೇ. ಕಾಸಿನ ಲಾಭವಿಲ್ಲದ ಕಳ್ಳತನಕ್ಕೆ ಯಾವ ಲೆಕ್ಕಪತ್ರ ವಿಭಾಗವೂ ಇಳಿಯುವುದಿಲ್ಲ.