ಕಾಣೆಯಾದ ವಯಸ್ಕರ ವಿಷಯ

ಕೊಡಗಿನಲ್ಲಿ ಮನೆಯೊಂದರಲ್ಲಿ ಸಾವು ಸಂಭವಿಸಿದರೆ ಜೋಡಿ ಗುಂಡು ಹಾರಿಸುವುದು ಪೂರ್ವದಿಂದ ಬಂದ ಪದ್ಧತಿ. ಆ ಶಬ್ದ ಕಿವಿಗೆ ಬಿದ್ದೊಡನೆ ನೆರೆಹೊರೆಯವರು ಕೆಲಸ ಬಿಟ್ಟು ಧಾವಿಸಿ ಬರುತ್ತಾರೆ. ಸತ್ತವರಿಗಾಗಿ ಇಷ್ಟು ಬೇಗನೆ ಊರು ಕೂಡಿಸುವ ಈ ನಾಡಿನಲ್ಲಿ, ಕಾಣೆಯಾದರೂ ಇನ್ನೂ ಬದುಕಿರಬಹುದಾದವರಿಗಾಗಿ ಊರನ್ನು ಎಬ್ಬಿಸುವ ಏರ್ಪಾಡು ಯಾವುದಿದೆ?

ನಾಪೋಕ್ಲಿನ ಮಹಾಜನರಿಗೆ ಈ ಪ್ರಶ್ನೆಯ ಗುರುತ್ವವನ್ನು ನಾವು ವಿವರಿಸಬೇಕಾದುದಿಲ್ಲ. ಮಳೆಗಾಲದಲ್ಲಿ ಉಕ್ಕುವ ಕಾವೇರಿ, ದೂರ ದೂರಕ್ಕೆ ಹಬ್ಬಿದ ಕಾಫಿ ತೋಟಗಳು, ಕಾಡಾನೆಗಳ ಸಂಚಾರ, ಕಕ್ಕಬ್ಬೆಯಾಚೆ ತಡಿಯಂಡಮೋಳಿನ ಕಾಡು. ಇವುಗಳ ನಡುವೆ ಮರೆವಿನ ರೋಗ ಹಿಡಿದ ವೃದ್ಧರೊಬ್ಬರು ಸಂಜೆ ದಾರಿ ತಪ್ಪಿದರೆ, ಮೊದಲ ಕೆಲವು ಗಂಟೆಗಳೇ ಅವರ ಆಯುಷ್ಯವನ್ನು ನಿರ್ಣಯಿಸುತ್ತವೆ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದಾಗ ಸರ್ಕಾರದವರು ರಾಷ್ಟ್ರೀಯ ವಿಪತ್ತು ದಳವನ್ನೇ ಕಳುಹಿಸಿದರು. ಒಬ್ಬನೇ ಮನುಷ್ಯ ಕಾಣೆಯಾದಾಗ ಹುಡುಕುವ ಭಾರವೆಲ್ಲ ಮನೆಯವರ ಮೇಲೆಯೇ ಬೀಳುತ್ತದೆ.

ಮಕ್ಕಳ ವಿಷಯದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಮೊಕದ್ದಮೆ ದಾಖಲಿಸಲೇಬೇಕೆಂದು ಆಜ್ಞಾಪಿಸಿತು. ವಯಸ್ಕರ ವಿಷಯದಲ್ಲಾದರೋ, ಒಂದು ದಿನ ಕಾದು ನೋಡಿ ಎಂಬ ಮಾತೇ ಜನರ ಬಾಯಲ್ಲಿ ಕಾಯಿದೆಯಂತೆ ನಿಂತುಬಿಟ್ಟಿದೆ. ಅಂಥ ನಿಯಮ ಯಾವ ಕಾಯಿದೆಯಲ್ಲಿಯೂ ಇಲ್ಲ.

ಅಮೇರಿಕಾ ದೇಶದಲ್ಲಿಯೂ ಇದೇ ಕೊರತೆಯಿತ್ತು. 2017ರಲ್ಲಿ ವರ್ಜೀನಿಯಾ ಪ್ರಾಂತದಲ್ಲಿ ಅಪಹೃತಳಾದ ಆಶಾಂಟಿ ಬಿಲ್ಲಿ ಎಂಬ ತರುಣಿಗೆ 19 ವರ್ಷ ವಯಸ್ಸು. ಆಕೆ ಮಕ್ಕಳ ಎಚ್ಚರಿಕೆಗೂ ಸಲ್ಲಲಿಲ್ಲ, ವೃದ್ಧರ ಎಚ್ಚರಿಕೆಗೂ ಸಲ್ಲಲಿಲ್ಲ; ಕೊನೆಗೆ ಶವವಾಗಿ ದೊರೆತಳು. 2018ರ ಡಿಸೆಂಬರಿನಲ್ಲಿ ಆಕೆಯ ಹೆಸರಿನಲ್ಲಿಯೇ ಶಾಸನವಾಗಿ, ಇಂಥ ಎಚ್ಚರಿಕೆಯ ಏರ್ಪಾಡಿಗೆ ಕೇಂದ್ರ ಸರ್ಕಾರದಿಂದ ಪ್ರಾಂತಗಳಿಗೆ ಸಹಾಯಧನದ ಮಾರ್ಗ ತೆರೆಯಿತು.

ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ಒಂದು ಪ್ರದೇಶದ ಮೊಬೈಲುಗಳಿಗೆಲ್ಲ ಏಕಕಾಲದಲ್ಲಿ ಎಚ್ಚರಿಕೆ ಕಳುಹಿಸುವ ವಿಧಾನವನ್ನು ಭಾರತ ಸರ್ಕಾರವು 2023ರಲ್ಲಿ ಪರೀಕ್ಷಿಸಿ ನೋಡಿದೆ. 112ರ ಸಹಾಯವಾಣಿಗೆ ನಿರ್ಭಯಾ ನಿಧಿಯ ಹಣ ದೊರೆತಿದೆ. ಕೊರತೆಯಿರುವುದು ಇವನ್ನು ಕಾಣೆಯಾದವರಿಗಾಗಿ ಬಳಸುವ ನಿಯಮಕ್ಕೆ ಮತ್ತು ಅದಕ್ಕೆಂದೇ ಮೀಸಲಾದ ಹಣಕ್ಕೆ.

ಆದರೆ ಒಂದು ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣಲಾರೆವು. ವಯಸ್ಕರಾದವರಿಗೆ ಮನೆ ಬಿಟ್ಟು ಹೋಗುವ ಸ್ವಾತಂತ್ರ್ಯವುಂಟು. ಹೊಡೆತ ತಾಳಲಾರದೆ ಹೊರಟ ಹೆಣ್ಣುಮಗಳನ್ನು, ಸಾಲದ ಬಲೆಯಿಂದ ತಪ್ಪಿಸಿಕೊಂಡ ತೋಟದ ಕೂಲಿಯನ್ನು ಮರಳಿ ಹಿಡಿದು ತರುವುದಕ್ಕೆ ಸರ್ಕಾರದ ಎಚ್ಚರಿಕೆಯೇ ಆಯುಧವಾಗಬಾರದು. ಆದುದರಿಂದ ರೋಗ, ವಾರ್ಧಕ್ಯ, ಅಪಹರಣ ಅಥವಾ ಪ್ರಾಣಾಪಾಯದ ಶಂಕೆಗೆ ಆಧಾರವಿದ್ದಾಗ ಮಾತ್ರ, ಪೋಲೀಸು ಅಧಿಕಾರಿಯ ಲಿಖಿತ ತೀರ್ಮಾನದ ಮೇಲೆ ಅದು ಹೊರಡಬೇಕು. ಸಿಕ್ಕವರು ಹಿಂದಿರುಗಲೊಲ್ಲೆವೆಂದರೆ ಅವರ ಠಿಕಾಣಿಯನ್ನು ಯಾರಿಗೂ ತಿಳಿಸಕೂಡದು.

ಈ ಕಟ್ಟುಪಾಡುಗಳೊಡನೆ, ಮುಂದಿನ ಮುಂಗಡಪತ್ರದಲ್ಲಿ ಇದಕ್ಕೆ ಸಹಾಯಧನ ಒದಗಿಸಿ, ಮೊದಲು ಕೊಡಗಿನಲ್ಲಿ ಹೋಬಳಿವಾರು ಪ್ರಯೋಗ ಮಾಡಬೇಕೆಂದು ಸರ್ಕಾರದವರನ್ನು ನಾವು ಒತ್ತಾಯಪಡಿಸುತ್ತೇವೆ. ಮಳೆಯಲ್ಲಿ ಮೊಬೈಲು ಗೋಪುರಗಳು ಮೌನವಾಗುವ ಊರುಗಳಿಗೆ ಪಂಚಾಯಿತಿಯ ಧ್ವನಿವರ್ಧಕವೂ ತೋಟದ ರೈಟರರೂ ಈ ಏರ್ಪಾಡಿನಲ್ಲಿ ಸೇರಿರಬೇಕು. ಜೋಡಿ ಗುಂಡಿನ ಸದ್ದು ಕೇಳುವುದಕ್ಕೆ ಮುಂಚೆಯೇ ಊರು ಎಚ್ಚರಗೊಳ್ಳಲಿ.